ಕಾಶ್ಯಪ ಗೋತ್ರದ ನಾಲ್ಕನೆಯ ಹೆಸರು

ಆ ಶನಿವಾರ ಬೆಳಿಗ್ಗೆ ಎದ್ದಾಗಿನಿಂದಲೂ ಗುರುರಾಜನ ಕಣ್ಣು ಹೆಂಡತಿಯ ಫೋನಿನ ಮೇಲೆಯೇ ಇತ್ತು. ಅವಳು ಸ್ನಾನಕ್ಕೆ ಹೋಗುವಾಗ ಅದನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಿದ್ದಳು. ಮೊದಲು ಹೀಗೆ ಬೋರಲು ಹಾಕುತ್ತಿದ್ದಳೇ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ, ಮೊದಲು ಯಾವತ್ತೂ ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಕಾಫಿಯ ನೀರು ಕುದಿಯಲಿಕ್ಕಿಟ್ಟು, ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಾ, ಫೋನನ್ನು ಮಗುಚಿ ನೋಡಿದ. ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ದಿನವೂ ನೋಡುವ ಸುದ್ದಿಯ ಪುಟವೇ ತೆರೆದಿತ್ತು, ಅದರ ನೆತ್ತಿಯಲ್ಲಿ ಹುಡುಕಲೆಂದು ಬರೆದ ಹೆಸರೂ ದಿನದ್ದೇ: ಇದ್ರೀಸ್. ಹನ್ನೊಂದು ತಿಂಗಳಿಂದ ಅವಳು ಕಾಫಿಗೆ ಮೊದಲು ಅವನು ಬದುಕಿದ್ದಾನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾಳೆ. ಕಟ್ಟಿಕೊಂಡ ಗಂಡನಿಗೆ ಎರಡು ದಿನ ಜ್ವರ ಬಂದರೆ ಮೂರನೆಯ ದಿನ ಸಂಜೆ ಹಣೆ ಮುಟ್ಟುವವಳು! ಗುರುರಾಜ ಫೋನನ್ನು ಇದ್ದ ಹಾಗೆಯೇ ಬೋರಲು ಹಾಕಿದ. ಅಷ್ಟರಲ್ಲಿ ನೀರು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.

ಹೊಟ್ಟೆಕಿಚ್ಚು ಎನ್ನುವುದನ್ನು ಅವನು ತನ್ನೊಳಗೆ ಒಪ್ಪಿಕೊಂಡು ಬಹಳ ದಿನಗಳಾಗಿದ್ದವು. ಆದರೆ ಯಾರ ಮೇಲೆ ಎಂದು ಬಾಯಿಬಿಟ್ಟು ಹೇಳಿದರೆ ಕೇಳಿದವರು ನಕ್ಕಾರು. ಅವಳ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರನ ಮೇಲಲ್ಲ, ಹಳೆಯ ಸಹಪಾಠಿಯ ಮೇಲಲ್ಲ. ಬಂದೂಕು ಹಿಡಿದೇ ಗದ್ದುಗೆ ಏರಿದ ಒಂದು ಸರ್ಕಾರದ ನೀರು ಸರಬರಾಜು ಉಪಮಂತ್ರಿಯ ಮೇಲೆ. ಪೇಪರಿನಲ್ಲಿ ಬಂದ ಫೋಟೋದಲ್ಲಿ ಅವನು ಹೊಸ ಬೋರ್‌ವೆಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ತೊಡೆಯ ಮೇಲೆ ರೈಫಲ್ಲು, ಅದರ ಮೇಲೆ ನೀರು ತುಂಬಿದ ಲೋಟ. ಆ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಎದುರು ಪಕ್ಷದ ಸೇನೆ ಅವನನ್ನು ಹಿಡಿದು ಒಂದೂವರೆ ವರ್ಷ ಒಳಗಿಟ್ಟಿತ್ತು. ಅದೇ ಯುದ್ಧದಲ್ಲಿ ಗಾಯಾಳುಗಳನ್ನು ನೋಡಲೆಂದು ಮೂರು ವಾರದ ರಜೆ ಹಾಕಿ ಹೋದ ಮಾರಿಸ್‌ಟೌನಿನ ಡಾಕ್ಟರ್, ಗುರುರಾಜನ ಹೆಂಡತಿ ತ್ರಿಪುರಸುಂದರಿಯನ್ನೂ, ಅವಳ ಜೊತೆ ಹೋದ ಜರ್ಸಿ ಸಿಟಿಯ ನರ್ಸ್ ರೇಣುವನ್ನೂ ಇದ್ರೀಸನ ಸರ್ಕಾರದವರು ಬೇಹುಗಾರರೆಂದು ಹಿಡಿದು ಏಳು ತಿಂಗಳು ನೆಲಮಾಳಿಗೆಯಲ್ಲಿಟ್ಟಿದ್ದರು. ಕೊನೆಗೆ ಅವನನ್ನು ಕೊಟ್ಟು ಇವಳನ್ನು ತಂದರು. ರೇಣು ಬರಲಿಲ್ಲ. ಜ್ವರ ಬಂದು ಅಲ್ಲಿಯೇ ಸತ್ತಿದ್ದಳು.

ಒಂದು ತಕ್ಕಡಿಯಲ್ಲಿ ಇವಳು, ಇನ್ನೊಂದರಲ್ಲಿ ಅವನು. ಎಲ್ಲ ಪೇಪರಿನಲ್ಲೂ ಇಬ್ಬರ ಫೋಟೋ ಒಟ್ಟಿಗೆ, ಮದುವೆಯ ಲಗ್ನಪತ್ರಿಕೆಯ ಹಾಗೆ ಅಕ್ಕಪಕ್ಕ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ಹೆಸರು ಕೆಳಗೆಲ್ಲೋ ಮೂರನೆಯ ಪ್ಯಾರಾದಲ್ಲಿ. ಆಮೇಲೆ ಆ ವಿಡಿಯೋ. ನಲವತ್ತೊಂದು ಸೆಕೆಂಡು. ಒಂದು ಕಿರಿದಾದ ಸೇತುವೆ, ಈ ತುದಿಯಿಂದ ಅವಳು, ಆ ತುದಿಯಿಂದ ಅವನು. ನಿಲ್ಲಬಾರದು ಎಂದು ಇಬ್ಬರಿಗೂ ಹೇಳಿದ್ದರಂತೆ. ಇಪ್ಪತ್ತಮೂರನೆಯ ಸೆಕೆಂಡಿನಲ್ಲಿ ಇಬ್ಬರೂ ನಿಲ್ಲುತ್ತಾರೆ. ಅವನು ಏನೋ ಹೇಳುತ್ತಾನೆ. ಅವಳು ತಲೆ ಎತ್ತುತ್ತಾಳೆ, ಅವನು ಮತ್ತೇನೋ ಹೇಳುತ್ತಾನೆ, ಅವಳು ತಲೆ ಆಡಿಸುತ್ತಾಳೆ. ಇದನ್ನು ಗುರುರಾಜ ಎಷ್ಟು ಸಲ ನೋಡಿದ್ದನೋ. ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ನೋಡಿದ್ದ, ರೈಲಿನಲ್ಲಿ ಪಕ್ಕದವನಿಗೆ ಕಾಣದ ಹಾಗೆ ಅಂಗೈಯಲ್ಲಿ ಮರೆಮಾಡಿ ನೋಡಿದ್ದ. ಅವಳ ಆ ತಲೆಯಾಡಿಸುವಿಕೆ ಅವನಿಗೆ ಗೊತ್ತು. ಹೆಣ್ಣು ನೋಡಲು ಜಯಲಕ್ಷ್ಮೀಪುರಂಗೆ ಹೋದಾಗ, ಮದುವೆಯಾದ ಮೇಲೂ ಓದು ಮುಂದುವರಿಸಬಹುದು ಎಂದು ಇವನು ಹೇಳಿದ್ದಕ್ಕೆ, ಒಂದೇ ಒಂದು ಸಲ ಹಾಗೆ ತಲೆಯಾಡಿಸಿದ್ದಳು.

ಮೊದಲು ಹೇಳಿದ್ದೇನು ಎಂದು ಅವಳೇ ಎಲ್ಲರಿಗೂ ಹೇಳಿದ್ದಳು. “ಊಟ ಆಯ್ತಾ?” ಅಂದನಂತೆ. ಕನ್ನಡದಲ್ಲಿ! ಹುಡುಗನಾಗಿದ್ದಾಗ ಮೈಸೂರಿನಲ್ಲಿ ನಾಲ್ಕು ವರ್ಷ ಇದ್ದು ಎಂಜಿನಿಯರಿಂಗ್ ಓದಿದ್ದನಂತೆ, ಸರಸ್ವತೀಪುರದಲ್ಲಿ ರೂಮು, ಮೆಸ್ಸಿನ ಊಟ. ಗುರುರಾಜ ಅದೇ ಮೈಸೂರಿನಲ್ಲಿ ಅದೇ ವರ್ಷಗಳಲ್ಲಿ ಅದನ್ನೇ ಓದಿದವನು. ಅಂಥ ಮೆಸ್ಸುಗಳಲ್ಲಿ ಮೂಲೆಯಲ್ಲಿ ಕೂತು ಅನ್ನ ಸಾರು ಕಲಸಲು ಒದ್ದಾಡುತ್ತಿದ್ದ ಪರದೇಶದ ಹುಡುಗರನ್ನು ನೋಡಿ ನಕ್ಕವರಲ್ಲಿ ತಾನೂ ಒಬ್ಬ ಎಂಬುದು ನೆನಪಾಗಿ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಇಲ್ಲಿಯ ಕನ್ನಡ ಸಂಘದವರ ವಾಟ್ಸಾಪಿನಲ್ಲಿ ಆ ಮಾತು ಒಂದು ವಾರ ಓಡಾಡಿತು. ‘ಕನ್ನಡ ಸೇತುವೆ’ ಎಂದು ಯಾರೋ ಕವನವನ್ನೇ ಬರೆದರು. ಮಗಳು ಹಂಸಿನಿ ಕೂಡ, “ಡ್ಯಾಡ್, ಇಟ್ಸ್ ಕೈಂಡ್ ಆಫ್ ಸ್ವೀಟ್, ನೋ?” ಅಂದಳು. “ಹಿ ಈಸ್ ಎ ಟೆರರಿಸ್ಟ್,” ಎಂದು ಅವನು ಹೇಳಿದ್ದಕ್ಕೆ ಭುಜ ಕುಣಿಸಿ, “ಐ ನೋ. ಸ್ಟಿಲ್,” ಎಂದು ಮೇಲಕ್ಕೆ ಹೋಗಿದ್ದಳು. ಎರಡನೆಯ ಸಲ ಅವನು ಏನಂದ ಎಂದು ಮಾತ್ರ ತ್ರಿಪುರಾ ಯಾರಿಗೂ ಹೇಳಿರಲಿಲ್ಲ. ಗಂಡ ಕೇಳಿದಾಗ, “ನೆನಪಿಲ್ಲ ರೀ,” ಅಂದಿದ್ದಳು. ಅವಳಿಗೆ ಆ ನೆಲಮಾಳಿಗೆಯ ಮೆಟ್ಟಿಲುಗಳ ಸಂಖ್ಯೆ ಕೂಡ ನೆನಪಿತ್ತು.

ಸ್ನಾನ ಮುಗಿಸಿ ಬಂದವಳು ಒಲೆ ನೋಡಿದಳು, ಫೋನು ನೋಡಿದಳು, ಬಟ್ಟೆ ತಂದು ಒಲೆ ಒರೆಸಿದಳು. ಬೈದರೆ ವಾಸಿಯಾಗುತ್ತಿತ್ತು. ಬಂದಾಗಿನಿಂದ ಅವಳು ಒಂದು ದಿನವೂ ಅವನಿಗೆ ಬೈದಿಲ್ಲ. ಮೊದಲೆಲ್ಲ ಹಸಿ ಟವೆಲ್ ಹಾಸಿಗೆಯ ಮೇಲೆ ಬಿದ್ದರೆ ಊರು ಒಂದು ಮಾಡುತ್ತಿದ್ದವಳು ಈಗ ತಾನೇ ಎತ್ತಿ ಒಣಹಾಕುತ್ತಾಳೆ, ಯಾರದೋ ಮನೆಗೆ ನೆಂಟರಾಗಿ ಬಂದವರು ಮಾಡುವ ಹಾಗೆ. “ನನ್ನ ಕಾರು ಸರ್ವಿಸ್‌ಗೆ ಕೊಟ್ಟಿದೀನಲ್ಲ, ಹಾಸ್ಪಿಟಲ್‌ಗೆ ಡ್ರಾಪ್ ಮಾಡಿ, ಒಂದು ಗಂಟೆಗೆ ಬಂದ್ಬಿಡಿ,” ಅಂದಳು. ಆಮೇಲೆ ಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿ ತೆಗೆದಳು. “ಇವತ್ತು ನನಗೆ ದೇವಸ್ಥಾನಕ್ಕೆ ಹೋಗಕ್ಕಾಗಲ್ಲ. ನೀವು ಹೇಗೂ ಐಸೆಲಿನ್‌ಗೆ ಸಾಮಾನಿಗೆ ಹೋಗ್ತೀರಲ್ಲ, ಹಾಗೇ ಅರ್ಚನೆ ಮಾಡಿಸ್ಕೊಂಡು ಬನ್ನಿ. ಇದನ್ನ ಭಟ್ಟರ ಕೈಗೆ ಕೊಟ್ರೆ ಸಾಕು.” ಒಂದು ಕ್ಷಣ ಚೀಟಿಯನ್ನು ಹಿಡಿದೇ ಇದ್ದಳು. “ಹೆಸರೆಲ್ಲ ಅದರಲ್ಲಿದೆ. ಒಂದೂ ಬಿಡಬೇಡಿ.”

ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೆದ್ದಾರಿಗೆ ಬಿದ್ದ ಮೇಲೂ ಚೀಟಿ ಅಂಗಿಯ ಜೇಬಿನಲ್ಲೇ ಇತ್ತು. ಬಿಡಿಸಿ ನೋಡಬೇಕು ಎನ್ನಿಸಲಿಲ್ಲ. ಅವನು, ಅವಳು, ಹಂಸಿನಿ, ಮೂರು ಹೆಸರು, ಕಾಶ್ಯಪ ಗೋತ್ರ, ಇನ್ನೇನಿರುತ್ತದೆ. ಎಲೆಗಳು ಆಗಲೇ ಅಲ್ಲಲ್ಲಿ ಹಣ್ಣಾಗಿದ್ದವು. ಕಾರಿನಲ್ಲಿ ಒಬ್ಬನೇ ಇದ್ದಾಗಲೆಲ್ಲ ಕೈದಿಗಳ ಬಿಡುಗಡೆಗೆ ನಡುವೆ ನಿಂತಿದ್ದ ಸಂಧಾನದವನ ದನಿ ಕೇಳಿಸುತ್ತದೆ. ಕೊಲ್ಲಿಯ ಯಾವುದೋ ಊರಿನಿಂದ ಫೋನ್ ಮಾಡುತ್ತಿದ್ದ, ಬಹಳ ಮೃದುವಾದ ಇಂಗ್ಲಿಷು, ಪ್ರತಿ ಸಲ ಮೊದಲು ಹಂಸಿನಿ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಅವರದೊಂದು ಪದ್ಧತಿ ಇತ್ತು. ಸರ್ಕಾರಗಳು ಏನೇ ಮಾತಾಡಿಕೊಳ್ಳಲಿ, ಎರಡೂ ಕಡೆಯ ಮನೆಯವರು ಎದುರು ಕಡೆಯ ಕೈದಿಯನ್ನು ಬಿಡಿ ಎಂದು ಬೇಡಿ ಒಂದು ಕಾಗದಕ್ಕೆ ಸಹಿ ಮಾಡಬೇಕು. ಅದು ಕೈಗೆ ಬಂದ ಮೇಲೆಯೇ ಮುಂದಿನ ಹೆಜ್ಜೆ. ಇದ್ರೀಸನ ಹೆಂಡತಿ ಅಂದೇ ಹೆಬ್ಬೆಟ್ಟು ಒತ್ತಿದಳು. ಧಾರವಾಡದಲ್ಲಿ ರೇಣುವಿನ ತಾಯಿ ಗೌರಮ್ಮ ಮಾರನೆಯ ದಿನವೇ ನೋಟರಿಯ ಮುಂದೆ ಸಹಿ ಮಾಡಿದರು. ಗುರುರಾಜನಿಗೆ ಹತ್ತೊಂಬತ್ತು ದಿನ ಹಿಡಿಯಿತು.

ಯಾಕೆ ಹಿಡಿಯಿತು ಎಂದು ಅವನು ತನಗೆ ತಾನೇ ನೂರು ಬಗೆಯಲ್ಲಿ ಹೇಳಿಕೊಂಡಿದ್ದ. ಆ ಮನುಷ್ಯ ಕೈಗೆ ರಕ್ತ ಹಚ್ಚಿಕೊಂಡವನು, ಅಂಥವನನ್ನು ಬಿಡಿ ಎಂದು ಬೇಡುವುದು ಹೇಗೆ ಎಂಬುದು ಒಂದು. ಅದು ಸುಳ್ಳು, ಅವನ ರಕ್ತದ ಬಗ್ಗೆ ಇವನು ಅರ್ಧ ಗಂಟೆಯೂ ಯೋಚಿಸಿರಲಿಲ್ಲ. ನಿಜವೇನೆಂದರೆ ಸಿಟಿಜನ್‌ಶಿಪ್ಪಿನ ಪ್ರಮಾಣವಚನಕ್ಕೆ ನ್ಯೂಅರ್ಕಿಗೆ ಬರಬೇಕೆಂದು ಕಾಗದ ಬಂದಿತ್ತು, ಇನ್ನು ಮೂರು ವಾರವೂ ಇರಲಿಲ್ಲ. ವಕೀಲನಿಗೆ ಫೋನ್ ಮಾಡಿದಾಗ, “ಟೆರರಿಸ್ಟ್ ಲಿಸ್ಟಿನಲ್ಲಿರೋ ಮನುಷ್ಯನ ಪರವಾಗಿ ಈಗ ಸೈನ್ ಮಾಡೋದು ರಿಸ್ಕ್. ಓತ್ ಆಗ್ಲಿ, ಆಮೇಲೆ ಏನು ಬೇಕಾದ್ರೂ ಮಾಡಿ,” ಅಂದಿದ್ದ. ಹದಿನೇಳು ವರ್ಷ. ಎಚ್‌-ಒನ್ ವೀಸಾದಿಂದ ಹಿಡಿದು, ಸ್ಟ್ಯಾಂಪಿಂಗು, ಗ್ರೀನ್ ಕಾರ್ಡಿನ ಸಾಲು, ತಂದೆ ತೀರಿಕೊಂಡಾಗ ಕಾಗದ ನಡುವೆ ಸಿಕ್ಕಿದೆ ಎಂದು ಊರಿಗೆ ಹೋಗದೆ ಉಳಿದದ್ದು. ಇಷ್ಟು ಕಾದವನು ಇನ್ನು ಮೂರು ವಾರ ಕಾದರೇನು, ಸಿಟಿಜನ್ ಆದರೆ ಹೆಂಡತಿಗಾಗಿ ಇನ್ನೂ ಗಟ್ಟಿಯಾಗಿ ಕೂಗಬಹುದಲ್ಲ ಎಂದು ಅಂದುಕೊಂಡ. ಸಂಧಾನದವನಿಗೆ ಒಂದೊಂದು ದಿನ ಒಂದೊಂದು ನೆಪ. ಪ್ರಿಂಟರ್ ಕೆಟ್ಟಿದೆ ಎಂದು ಕೂಡ ಹೇಳಿದ್ದ. ಹತ್ತೊಂಬತ್ತನೆಯ ದಿನ ಬಲಗೈ ಎತ್ತಿ ಪ್ರಮಾಣ ಮಾಡಿ, ಅವರು ಕೊಟ್ಟ ಪುಟ್ಟ ಬಾವುಟ ಹಿಡಿದು ಮನೆಗೆ ಬಂದು, ಷೂ ಕೂಡ ಬಿಚ್ಚದೆ ಸಹಿ ಮಾಡಿ ಕಳಿಸಿದ. ರೇಣು ಹನ್ನೆರಡನೆಯ ದಿನ ಸತ್ತಿದ್ದಳು. ಅದು ಅವನಿಗೆ ಆಮೇಲೆ ಗೊತ್ತಾಯಿತು. ಕಾಗದ ಮೊದಲ ವಾರದಲ್ಲೇ ಹೋಗಿದ್ದರೆ ಇಬ್ಬರೂ ಆ ಸೇತುವೆಯ ಮೇಲೆ ನಡೆದು ಬರುತ್ತಿದ್ದರು. ಇದು ತ್ರಿಪುರಾಗೆ ಗೊತ್ತಿಲ್ಲ. ಗೊತ್ತಾದ ದಿನ ಈ ಸಂಸಾರ ಇರುವುದಿಲ್ಲ. ಅವಳು ಭಾನುವಾರಕ್ಕೊಮ್ಮೆ ಧಾರವಾಡಕ್ಕೆ ಫೋನ್ ಮಾಡಿದಾಗ ಗೌರಮ್ಮ ಇವನನ್ನೂ ಕರೆಯುತ್ತಾರೆ. “ನೀವು ಭಾಳ ಓಡಾಡೀರೆಪಾ ಅವರ ಸಲುವಾಗಿ. ನನ್ನ ಮಗಳ ನಸೀಬದಾಗ ಇರಲಿಲ್ಲ. ದೇವರು ನಿಮ್ಮನ್ನ ಛಲೋ ಇಡಲಿ,” ಅನ್ನುತ್ತಾರೆ. ಪ್ರತಿ ಭಾನುವಾರ ಅದೇ ಮಾತು, ಅವನು ಹ್ಞೂಂ ಎನ್ನುತ್ತಾನೆ.

ದೇವಸ್ಥಾನದಲ್ಲಿ ಷೂ ಬಿಚ್ಚುವ ಕಡೆಯೇ ಮುರುಗೆಪ್ಪ ಸಿಕ್ಕರು. ಸಂಘದ ಹಿಂದಿನ ಅಧ್ಯಕ್ಷರು, ದನಿ ತಗ್ಗಿಸಿ ಮಾತಾಡಿ ಗೊತ್ತಿಲ್ಲ. “ಏನ್ರೀ ಗುರುರಾಜ, ಇವತ್ತು ನೀವ ಬಂದೀರಿ! ಡಾಕ್ಟ್ರು ಅಂತೂ ವಾರಾ ತಪ್ಪೂದಿಲ್ಲ ನೋಡ್ರಿ,” ಎಂದು ಹೆಗಲ ಮೇಲೆ ಕೈ ಹಾಕಿ, ಜೊತೆಯಲ್ಲಿದ್ದವರಿಗೆ, “ಇವರು ಡಾಕ್ಟರ್ ತ್ರಿಪುರಸುಂದರಿ ಅವರ ಯಜಮಾನ್ರು,” ಎಂದು ಪರಿಚಯಿಸಿದರು. ಜೊತೆಯವರು, “ಓ, ಊಟ ಆಯ್ತಾ!” ಎಂದು ನಕ್ಕರು. ಗುರುರಾಜನೂ ನಕ್ಕ. ನಗುನಗುತ್ತಲೇ ಸಾಲಿನಲ್ಲಿ ನಿಂತು ಚೀಟಿ ಬಿಡಿಸಿದ. ಮೂರು ಹೆಸರು ಅವಳ ಡಾಕ್ಟರ ಅಕ್ಷರದಲ್ಲಿ ಗೀಚಿದ್ದವು. ನಾಲ್ಕನೆಯದನ್ನು ಮಾತ್ರ ಬಿಡಿಸಿ ಬಿಡಿಸಿ, ಓದುವವರಿಗೆ ತಪ್ಪಬಾರದು ಎಂಬಂತೆ, ಗುಂಡಗೆ ಬರೆದಿದ್ದಳು. ಇದ್ರೀಸ್.

ದಿನಾ ಬೆಳಿಗ್ಗೆ ಫೋನಿನಲ್ಲಿ ಹುಡುಕುವುದು ಇರಲಿ, ಅದು ಸುದ್ದಿ. ಇದು ದೇವರ ಎದುರು. ತನ್ನ ಹೆಸರಿನ ಕೆಳಗೆ, ತನ್ನ ಮಗಳ ಹೆಸರಿನ ಕೆಳಗೆ, ಒಂದೇ ಚೀಟಿಯಲ್ಲಿ, ಒಂದೇ ಸಂಸಾರದ ಹಾಗೆ! ಎಷ್ಟು ಶನಿವಾರಗಳಾದವು? ಐವತ್ತರ ಹತ್ತಿರ ಬರಬಹುದು. ಇಲ್ಲಿಗೆ ಬರುವ ಎಲ್ಲರಿಗೂ ಗೊತ್ತಿರಬೇಕು, ಮುರುಗೆಪ್ಪನವರಿಗೂ ಗೊತ್ತಿರಬೇಕು. ಸಾಲಿನಲ್ಲಿ ಹಿಂದೆ ನಿಂತ ಹೆಂಗಸು ತನ್ನ ಭುಜದ ಮೇಲಿಂದ ಓದುತ್ತಿದ್ದಾಳೆ ಎನ್ನಿಸಿತು. ಜೇಬಿನಿಂದ ಪೆನ್ನು ತೆಗೆದು ನಾಲ್ಕನೆಯ ಹೆಸರಿನ ಮೇಲೆ ಗೆರೆ ಎಳೆದ. ಒಂದು ಗೆರೆಗೆ ಅದು ಇನ್ನೂ ಓದಲು ಬರುತ್ತಿತ್ತು, ಆದ್ದರಿಂದ ಕಾಗದ ಹರಿಯುವ ತನಕ ಗೀಚಿದ. ಮನಸ್ಸಿಗೆ ಹಿತವಾಯಿತು. ಬಹಳ ದಿನಗಳ ಮೇಲೆ ಒಂದು ಕೆಲಸವನ್ನು ತಡಮಾಡದೆ ಮಾಡಿದ್ದ.

ಭಟ್ಟರು ವಯಸ್ಸಾದವರು, ಚಾಮರಾಜನಗರದ ಕಡೆಯವರು. ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, “ಯಾಕೆ ಸ್ವಾಮಿ, ಆ ಇನ್ನೊಂದು ಹೆಸರು ಇವತ್ತು ಬೇಡ್ವಾ?” ಅಂದರು.

“ಬೇಡ.”

“ಮೇಡಂ ಪ್ರತಿ ವಾರ ಹೇಳಿಸ್ತಾರೆ. ಮೊದಲ್ನೇ ದಿನ ಗೋತ್ರ ಕೇಳ್ದೆ, ಗೊತ್ತಿಲ್ಲ ಅಂದ್ರು. ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ ಹೇಳೋದು ರೂಢಿ. ನಿಮ್ಮದೂ ಅದೇ ಆಯ್ತಲ್ಲ, ಬೇರೆ ಸಂಕಲ್ಪ ಯಾಕೆ ಅಂತ ಒಟ್ಟಿಗೇ ಸೇರಿಸ್ಬಿಟ್ಟೆ.” ಭಟ್ಟರ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. “ಮನೇಗೆ ಬೇಕಾದೋರು ಅಂದ್ಕೊಂಡಿದ್ದೆ.”

ಐವತ್ತು ವಾರ ಆ ಬಂದೂಕಿನವನು ಇವನ ಗೋತ್ರದಲ್ಲಿ, ಇವನ ಸಹಕುಟುಂಬದಲ್ಲಿ ಸೇರಿ, ಇವನ ಜೊತೆಯಲ್ಲೇ ಆಯುರಾರೋಗ್ಯ ಪಡೆದಿದ್ದ. ಗಂಟೆ ಮೊಳಗಿತು. ಮೂರೇ ಹೆಸರುಗಳ ಅರ್ಚನೆ ಬೇಗ ಮುಗಿಯಿತು. ಆಮೇಲೆ ಓಕ್ ಟ್ರೀ ರಸ್ತೆಯ ಅಂಗಡಿಯಲ್ಲಿ ಗೋರಿಕಾಯಿ ಆರಿಸುವಾಗಲೂ, ಬಿಲ್ಲಿನ ಸಾಲಿನಲ್ಲಿ ನಿಂತಾಗಲೂ ಅವನು ಅವಳಿಗೆ ಕೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದ. ಇವತ್ತು ಕೇಳಿಯೇ ಬಿಡಬೇಕು. ತಾನು ಗಂಡ, ತನಗೆ ಹಕ್ಕಿದೆ. ತಪ್ಪು ಅವಳ ಕಡೆಯೂ ಇದೆ ಎಂದು ತೋರಿದರೆ ತನ್ನ ತಪ್ಪು ಸ್ವಲ್ಪ ಹಗುರಾದೀತು ಎಂಬ ಆಸೆ ಅದರ ಅಡಿಯಲ್ಲಿ ಇದ್ದದ್ದು ಅವನಿಗೆ ತಿಳಿಯದೇ ಇರಲಿಲ್ಲ. ಕೊತ್ತಂಬರಿ ಸೊಪ್ಪು ಮರೆತು ಬಂದ.

ಒಂದು ಗಂಟೆಗೆ ಅವಳು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕಾರು ಹತ್ತಿ ಬೆಲ್ಟು ಹಾಕಿಕೊಳ್ಳುತ್ತಾ, “ಅರ್ಚನೆ ಆಯ್ತಾ?” ಅಂದಳು.

“ಆಯ್ತು.”

“ಎಲ್ಲಾ ಹೆಸರೂ ಹೇಳಿದ್ರಾ?”

“ಮೂರು ಹೇಳಿದ್ರು,” ಅಂದ. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು. “ನಾಲ್ಕನೇದು ನಾನೇ ಹೊಡೆದುಹಾಕ್ದೆ. ನಮ್ಮ ಗೋತ್ರದಲ್ಲಿ ಅವನಿಗೇನು ಕೆಲಸ? ಅವನು ನಿನಗೇನಾಗಬೇಕು ತ್ರಿಪುರಾ? ಊರಿನೋರೆಲ್ಲ ನನ್ನ ನೋಡಿ ನಗ್ತಾರೆ. ಆ ಸೇತುವೆ ಮೇಲೆ ಅವನು ನಿನಗೆ ಏನಂದ? ಇವತ್ತು ಹೇಳು. ನೆನಪಿಲ್ಲ ಅನ್ನಬೇಡ.”

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಗುರುರಾಜ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ.

“ನಿಮ್ಮ ವಿಷಯಾನೇ ಹೇಳಿದ್ರು,” ಅಂದಳು.

“ನನ್ನ ವಿಷಯ?”

“ಅವರಿಗೂ ದಿನಾ ಸುದ್ದಿ ಬರ್ತಿತ್ತಂತೆ, ಆಮೇಲೆ ಸಂಧಾನದವರು ಹೇಳಿದ್ರು. ಅವರ ಹೆಂಡತಿ ಸೈನ್ ಆಯ್ತು, ಗೌರಮ್ಮಂದು ಆಯ್ತು, ಡಾಕ್ಟರ್ ಗಂಡನದು ಇನ್ನೂ ಬಂದಿಲ್ಲ ಅಂತ. ಹತ್ತೊಂಬತ್ತು ದಿನ ಅವರೂ ಕಾದ್ರು.” ಅವಳ ದನಿ ರೋಗಿಗೆ ರಿಪೋರ್ಟ್ ಓದಿ ಹೇಳುವ ದನಿಯಾಗಿತ್ತು. “‘ನಿಮ್ ಯಜಮಾನ್ರಿಗೆ ತುಂಬಾ ಭಯ ಇತ್ತು. ಮನೇಗೆ ಹೋಗಿ ಬೈಬೇಡಿ, ಕೇಳಬೇಡಿ’ ಅಂದ್ರು. ಕನ್ನಡದಲ್ಲೇ. ನಾನು ಆಯ್ತು ಅಂದೆ. ಅಷ್ಟೇ. ಈ ಕಡೆ ಬಂದ ಮೇಲೆ ದಿನ ಎಣಿಸಿ ನೋಡ್ದೆ. ಓತ್ ಆದ ದಿನಾನೇ ಅಲ್ವಾ ನೀವು ಸೈನ್ ಮಾಡಿದ್ದು?”

ಹನ್ನೊಂದು ತಿಂಗಳು. ಒಣಹಾಕಿದ ಟವೆಲ್ಲು, ಬೈಯದೆ ನುಂಗಿದ ಮಾತು, ಭಾನುವಾರದ ಫೋನನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಿರುತ್ತಿದ್ದದ್ದು. ಅಷ್ಟೂ ದಿನ ಅವಳಿಗೆ ಗೊತ್ತಿತ್ತು. ಆ ಹೊತ್ತಿನಲ್ಲೂ ಅವನ ಹೊಟ್ಟೆಯಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ, ಹಳೆಯ ಕಿಚ್ಚೇ: ತನಗೆ ಸಿಕ್ಕ ದಯೆ ಕೂಡ ಆ ಇದ್ರೀಸ್ ಹೇಳಿಕೊಟ್ಟದ್ದು. ತನ್ನ ಮನೆಯಲ್ಲಿ ತಾನು ಉಳಿದದ್ದು ಅವನ ಶಿಫಾರಸಿನಿಂದ.

“ಬೈಯಲ್ಲ, ಕೇಳಲ್ಲ ಅಂತ ಮಾತು ಕೊಟ್ಟೆ. ಆ ಮನುಷ್ಯ ವಾಪಸ್ ಹೋಗ್ತಿದ್ದಿದ್ದು ಯಾವ ಸುಖಕ್ಕೂ ಅಲ್ಲ, ಅವರವರೇ ಕೊಂದುಹಾಕಬಹುದು ಅಂತ ಅವರಿಗೂ ಗೊತ್ತಿತ್ತು. ಅಂಥೋರಿಗೆ ಕೊಟ್ಟ ಮಾತು,” ಅಂದಳು. “ಪ್ರತಿ ವಾರ ದಿನ ಕಳೆದ ಹಾಗೆ ಕಷ್ಟ ಆಗೋದು. ಶುಕ್ರವಾರದ ಹೊತ್ತಿಗೆ ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ. ಶನಿವಾರ ಹೋಗಿ ಅವರ ಹೆಸರು ದೇವರ ಮುಂದೆ ಹೇಳಿಸಿದ್ರೆ ಇನ್ನೊಂದು ವಾರ ತಡ್ಕೊಳೋಷ್ಟು ಶಕ್ತಿ ಬರೋದು. ಅದಕ್ಕೇ ಆ ಹೆಸರು. ಬೇರೆ ಏನೂ ಇಲ್ಲ.”

“ತ್ರಿಪುರಾ, ನಾನು... ಬಾ, ಈಗ್ಲೇ ವಾಪಸ್ ಹೋಗೋಣ. ನಾನೇ ಹೇಳಿಸ್ತೀನಿ. ನನ್ನ ಬಾಯಿಂದಾನೇ...”

“ಬೇಡ,” ಅಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ಹೊತ್ತು ತಂದ ಚೀಲವನ್ನು ಯಾರೋ ಕೈಯಿಂದ ಇಳಿಸಿಕೊಂಡಾಗ ಬರುವ ದಣಿವು ಇತ್ತು. “ನೀವೇ ಹೊಡೆದುಹಾಕಿದ್ರಲ್ಲ. ಒಳ್ಳೇದಾಯ್ತು. ನನ್ನಿಂದ ಇನ್ನು ಆಗ್ತಾನೂ ಇರಲಿಲ್ಲ.”

ಅವಳು ಬೆಲ್ಟು ಬಿಚ್ಚಿ, ಇಡೀ ಮೈಯನ್ನು ಅವನ ಕಡೆ ತಿರುಗಿಸಿ ಕೂತಳು. ಬಂದ ಮೇಲೆ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

“ಈಗ ಕೇಳ್ತೀನಿ. ರೇಣು ಹೋಗಿದ್ದು ಗುರುವಾರ ಮಧ್ಯಾಹ್ನ. ತಲೆ ನನ್ನ ತೊಡೆ ಮೇಲಿತ್ತು. ಇಲ್ಲಿ ಆಗ ಬೆಳಗಿನ ಹೊತ್ತು. ನೀವು ಏನು ಮಾಡ್ತಿದ್ರಿ?”

ಅವನಿಗೆ ಚೆನ್ನಾಗಿ ನೆನಪಿತ್ತು. ಪ್ರಮಾಣವಚನಕ್ಕೆಂದು ಕೊಂಡ ಹೊಸ ಕೋಟಿನ ತೋಳು ಸ್ವಲ್ಪ ಉದ್ದವಾಗಿತ್ತು. ಆ ಗುರುವಾರ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ, ಟೈಲರ್ ಅಂಗಡಿಯ ಕನ್ನಡಿಯ ಮುಂದೆ ಬಲಗೈ ಎತ್ತಿ ನಿಂತು, ಎಷ್ಟು ಗಿಡ್ಡ ಮಾಡಬೇಕೆಂದು ಅಳತೆ ಕೊಡುತ್ತಿದ್ದ.